ಕ್ರೋಮಿಯಂ ಸಾಲಿನ ಹುಣಸೆ ಬೀಜ

ಬೆಳಗಿನ ಆರೂವರೆ. ಕರೂರಿನ ಮೊದಲ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಬಂದಿಳಿದ ಪಕ್ಕೀರಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಬೀಗ ತೆಗೆಯುತ್ತಾರೆ. ಬಾಗಿಲು ತಳ್ಳಿದರೂ ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಒಳಗಿನ ನಸುಗತ್ತಲಲ್ಲಿ ಸೀಸೆಗಳೊಳಗಿನ ಮೈಲುತುತ್ತದ ನೀಲಿ, ನಿಕ್ಕಲ್ಲಿನ ಹಸಿರು, ಕೋಬಾಲ್ಟಿನ ಗುಲಾಬಿ ಒಂದೊಂದಾಗಿ ಕಣ್ಣು ಬಿಡುತ್ತವೆ.

"ಒಮ್ಮೆಲೆ ನುಗ್ಗಬಾರದ್ರಿ. ಒಳಗಿದ್ದವರಿಗೂ ಒಂಚೂರು ಹೊತ್ತು ಕೊಡಬೇಕು," ಎನ್ನುತ್ತಾರೆ. ನಗುವುದಿಲ್ಲ.

ಅವರು ಇಲ್ಲಿ ಹಂಗಾಮಿ ಅಟೆಂಡರ್. ಭತ್ತದ ಗದ್ದೆಯ ಕೂಲಿ ಬಿಟ್ಟು ಬಂದು ಇಪ್ಪತ್ತೆರಡು ವರ್ಷವಾಯಿತು. ನಲ್ಲಿ ನೀರು ಏಳಕ್ಕೆ ನಿಂತುಹೋಗುತ್ತದೆ. ಅಷ್ಟರೊಳಗೆ ಹದಿನೆಂಟು ಕೊಡ ತುಂಬಿಸಿ, ನೂರಿಪ್ಪತ್ತು ಪ್ರನಾಳ ತೊಳೆದಿಡಬೇಕು. ಎಡಗೈ ಮೇಲೆ ಆಸಿಡ್ ಸುಟ್ಟ ಕಲೆಗಳಿವೆ. ಓದಿದ್ದು ಏಳನೇ ಇಯತ್ತೆ.

ಆದರೆ ಅವರ ಕೈಯಲ್ಲಿ ಒಂದು ಹಲಗೆ ಇದೆ. ಅಳಗುಳಿ ಮಣೆಯಂತೆ ಗುಳಿ ಕೊರೆದದ್ದು. ಹತ್ತು ಸಾಲು, ಸ್ಕ್ಯಾಂಡಿಯಂನಿಂದ ಸತುವಿನವರೆಗೆ ಹತ್ತು ಲೋಹ. ಪ್ರತಿ ಸಾಲಿನಲ್ಲೂ ಹೊರಗೊಂದು ಗುಳಿ, ಅದು ನಾಲ್ಕನೇ ಎಸ್. ಒಳಗೆ ಐದು, ಅವು ಮೂರನೇ ಡಿ. ಗುಳಿಗಳು ಪರಮಾಣುವಿನೊಳಗಿನ ಮನೆಗಳು, ಹುಣಸೆ ಬೀಜಗಳೇ ಅಲ್ಲಿ ಕೂಡುವ ಎಲೆಕ್ಟ್ರಾನು. ಕುರುಗೋಡಿನ ದೊಡ್ಡಬಸಪ್ಪ ಎಂಬ ಉಪನ್ಯಾಸಕರು ಇದನ್ನು ಮಾಡಿಸಿದ್ದು ಮೀನಾಕ್ಷಿಗಾಗಿ. ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡ ಈ ಹುಡುಗಿ ಹಟ ಹಿಡಿದು ವಿಜ್ಞಾನಕ್ಕೆ ಸೇರಿದ್ದಳು.

"ಒಂದು ಗುಳಿಗೆ ಎರಡ ಬೀಜ. ಮೊದಲು ಹೊರಗಿನ ಮನಿ ತುಂಬಬೇಕು. ಆಮ್ಯಾಲ ಒಳಗ ಒಬ್ಬೊಬ್ಬರ ಕೂಡತಾರ, ಐದೂ ಕಡೆ ಒಬ್ಬೊಬ್ಬರು ಆದ ಮ್ಯಾಲ ಜೋಡಿ. ಸರ್ ಹಂಗ ಹೇಳತಿದ್ರು," ಎನ್ನುತ್ತಾರೆ ಪಕ್ಕೀರಮ್ಮ.

ಮೂರು ಸಾಲು ತುಂಬುವಷ್ಟರಲ್ಲಿ ದೊಡ್ಡಬಸಪ್ಪನವರಿಗೆ ಎದೆನೋವು ಬಂತು. ಬಳ್ಳಾರಿಯ ಆಸ್ಪತ್ರೆಗೆ ಹೊರಡುವಾಗ ಆಟೋದಿಂದ ತಲೆ ಹೊರಗೆ ಹಾಕಿ, "ನಾಲ್ಕನೇ ಸಾಲಿಗೆ ಕೈ ಹಚ್ಚಬ್ಯಾಡ್ರಿ ಪಕ್ಕೀರಮ್ಮ, ಅದನ್ನ ನಾನ ತುಂಬತೀನಿ," ಎಂದರು. ಐದನೇ ದಿನ ಕುರುಗೋಡಿನ ಹೊಲದಲ್ಲಿ ಅವರ ಮಣ್ಣಾಯಿತು.

ತಿಂಗಳಾದರೂ ಬೇರೆ ಉಪನ್ಯಾಸಕರು ಬರಲಿಲ್ಲ. ಮೀನಾಕ್ಷಿ ಮುಂದಿನ ಕಿರುಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಕಲಾ ವಿಭಾಗಕ್ಕೆ ಕಳಿಸುವುದೆಂದು ಕಾಲೇಜು ತೀರ್ಮಾನಿಸಿತು. ಪಕ್ಕೀರಮ್ಮನಿಗೆ ಸುಮ್ಮನಿರಲು ಆಗಲಿಲ್ಲ. ಒಂದು ಶುಕ್ರವಾರ ಸಾಲಿಗೊಂದು ಬೀಜ ಹೆಚ್ಚಿಸುತ್ತ ಉಳಿದ ಏಳು ಸಾಲನ್ನೂ ತಾವೇ ತುಂಬಿದರು. ನಾಲ್ಕನೆಯದು ಕ್ರೋಮಿಯಂ: ಹೊರಗೆ ಎರಡು, ಒಳಗೆ ನಾಲ್ಕು. ಹಲಗೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಕೀಲಿ ಇದ್ದದ್ದು ಅವರೊಬ್ಬರ ಹತ್ತಿರ.

ಶನಿವಾರ ಬೆಳಿಗ್ಗೆ ನೋಡಿದರೆ ಕ್ರೋಮಿಯಂ ಸಾಲಿನಲ್ಲಿ ಹೊರಗೆ ಒಂದೇ ಬೀಜ. ಇನ್ನೊಂದು ಖಾಲಿ ಇದ್ದ ಐದನೇ ಗುಳಿಯಲ್ಲಿ ಕೂತಿತ್ತು. ಅಲುಗಾಡಿರಬೇಕೆಂದು ತಿರುಗಿ ಹೊರಗಿಟ್ಟರು. ಸೋಮವಾರ ಮತ್ತೆ ಹಾಗೇ. ಈ ಸಲ ತಾಮ್ರದ ಸಾಲಿನಲ್ಲೂ ಹೊರಗಿನದೊಂದು ಒಳಗೆ ಹೋಗಿ, ಐದು ಗುಳಿಯೂ ಜೋಡಿಯಾಗಿದ್ದವು. ಉಳಿದ ಎಂಟು ಸಾಲಿನಲ್ಲಿ ಒಂದು ಬೀಜವೂ ಕದಲಿರಲಿಲ್ಲ.

"ಇಲಿ ಅಂದ್ಕೊಳ್ಳಾಕ ನೋಡಿದೆ. ಇಲಿಗೇನು ಲೆಕ್ಕ ಗೊತ್ತೇನ್ರಿ?"

ಅಂದು ಬೀಜಗಳನ್ನು ಮತ್ತೆ ಮೊದಲಿನಂತಿಟ್ಟು, ಹಲಗೆಯ ಸುತ್ತ ಸೀಮೆಸುಣ್ಣದ ಪುಡಿ ಹರಡಿ ಬೀಗ ಹಾಕಿದರು. ಮಂಗಳವಾರ ಬಂದಾಗ ಪುಡಿಯ ಮೇಲೆ ಒಂದು ಗೆರೆಯೂ ಮೂಡಿರಲಿಲ್ಲ. ಎರಡು ಬೀಜ ಮಾತ್ರ ಒಳಗೆ ಹೋಗಿದ್ದವು. ಆಟೋದಿಂದ ಕೇಳಿದ ಮಾತು ಪಕ್ಕೀರಮ್ಮನಿಗೆ ಆಗ ನೆನಪಾಯಿತು.

ಅಷ್ಟರಲ್ಲಿ ಕೋಲು ತಟ್ಟುತ್ತ ಮೀನಾಕ್ಷಿ ಬಂದಳು. ಪರೀಕ್ಷೆ ಹತ್ತಕ್ಕೆ. ಬೀಜ ತಿರುಗಿ ಇಡಬೇಕೋ, ಇದ್ದ ಹಾಗೇ ಬಿಡಬೇಕೋ? ತಪ್ಪಾದರೆ ಹುಡುಗಿಯ ಓದೇ ಹೋಗುತ್ತದೆ. ಪಕ್ಕೀರಮ್ಮ ಹಲಗೆಯನ್ನು ಹಾಗೆಯೇ ಅವಳ ಮುಂದಿಟ್ಟರು.

ಬೆರಳು ನಾಲ್ಕನೇ ಸಾಲಿನಲ್ಲಿ ನಿಂತಿತು. "ಅವ್ವ, ಹೊರಗ ಒಂದು ಕಡಿಮಿ ಐತಲ್ಲ?"

"ಹಂಗ ಐತಿ. ಹಂಗ ಓದು."

ಐದನೇ ಗುಳಿ ಮುಟ್ಟಿದ ಮೀನಾಕ್ಷಿ ಮೆಲ್ಲಗೆ ಕೇಳಿದಳು, "ಈ ಬೀಜ ಯಾಕ ಬೆಚ್ಚಗೈತಿ? ಯಾರೋ ಈಗ ಹಿಡಕೊಂಡು ಬಿಟ್ಟಂಗ ಐತಿ."

ಪಕ್ಕೀರಮ್ಮ ಅವಳ ಬೆರಳನ್ನು ಮುಂದಿನ ಸಾಲಿಗೆ ಸರಿಸಿದರು.

ಅಂದೇ ಬಳ್ಳಾರಿಯ ಗಾಂಧಿನಗರದಿಂದ ಅತಿಥಿ ಉಪನ್ಯಾಸಕಿ ರಶ್ಮಿ ಬಂದು ಸೇರಿದರು. ಮೀನಾಕ್ಷಿಯ ಮೌಖಿಕ ಪರೀಕ್ಷೆ ಮಾಡಿದವರೂ ಅವರೇ. ಕೇಳಿದ್ದು ಕ್ರೋಮಿಯಂ ಮತ್ತು ತಾಮ್ರ. ಹುಡುಗಿ ತಡವರಿಸದೆ ಹೇಳಿ ತೇರ್ಗಡೆಯಾದಳು.

ಮಧ್ಯಾಹ್ನ ರಶ್ಮಿ ಪ್ರಯೋಗಾಲಯಕ್ಕೆ ಬಂದರು. "ಇದನ್ನ ಯಾರು ತುಂಬಿದ್ದಮ್ಮಾ? ಈ ಎರಡು ಸಾಲನ್ನ ಎಲ್ಲಾರೂ ತಪ್ಪು ಮಾಡ್ತಾರೆ. ಡಿ ಮನೆಗಳು ಅರ್ಧ ತುಂಬಿದ್ರೂ ನೆಮ್ಮದಿ, ಪೂರ್ತಿ ತುಂಬಿದ್ರೂ ನೆಮ್ಮದಿ. ಅದಕ್ಕೇ ಹೊರಗಿಂದ ಒಂದು ಒಳಗೆ ಬರುತ್ತೆ."

"ಎಂಟು ಸಾಲು ನಾವು ತುಂಬಿದ್ದು ಅಂತ ತಿಳ್ಕೊರ್ರಿ ಮೇಡಂ," ಎಂದಷ್ಟೇ ಹೇಳಿದರು ಪಕ್ಕೀರಮ್ಮ. ಅದರಲ್ಲಿ ಮೂರು ಸರ್ ಅವರವು.

ಆ ದಿನದಿಂದ ಬೀಜಗಳು ಜಾಗ ಬದಲಿಸಿಲ್ಲ. ಮುಂದಿನ ವರ್ಷ ಆವರ್ತ ಕೋಷ್ಟಕದಲ್ಲಿ ಇವುಗಳ ಕೆಳಗಿನ ಸಾಲಿನ ಲೋಹಗಳಿಗೂ ಒಂದು ಹಲಗೆ ಮಾಡಿಸುವ ಮಾತಿದೆ. ಅದನ್ನೂ ಪಕ್ಕೀರಮ್ಮನೇ ತುಂಬಬೇಕು. ಅಲ್ಲಿ ಹೀಗೆ ದಾರಿ ತಪ್ಪುವ ಲೋಹಗಳು ಇನ್ನೂ ಹೆಚ್ಚಂತೆ. ಬೀಜ ಉದುರದಂತೆ ಅಂಟು ಹಾಕಿಬಿಡೋಣ ಎಂದಿದ್ದಾರೆ ರಶ್ಮಿ. ಪಕ್ಕೀರಮ್ಮ ಒಪ್ಪಿಲ್ಲ.

"ಅಂಟು ಬ್ಯಾಡ್ರಿ," ಎನ್ನುತ್ತಾರೆ, ಪ್ರನಾಳವೊಂದನ್ನು ಬೆಳಕಿಗೆ ಹಿಡಿದು ನೋಡುತ್ತ. "ನಾನು ಓದಿದಾಕಿ ಅಲ್ಲ, ತಪ್ಪತೀನಿ. ತಿದ್ದಾವರಿಗೆ ಕೈ ಆಡಬೇಕಲ್ಲ."