ಗದ್ದುಗೆಯ ಕೆಳಗಿನ ಊರು

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಕಂಡಕ್ಟರ್ ಆಧಾರ್ ಕಾರ್ಡಿನ ಮೇಲೆ ಕಣ್ಣಾಡಿಸಿ ಉಚಿತ ಟಿಕೆಟ್ ಹರಿದುಕೊಟ್ಟರು. ಮೇ ತಿಂಗಳು, ಶಾಲೆಗೆ ರಜೆ. ಹೈಸ್ಕೂಲು ಮಕ್ಕಳಿಗೆ ವರ್ಷಾನುಗಟ್ಟಲೆ ಸಿಂಧೂ ಕಣಿವೆಯ ನಗರಗಳ ಪಾಠ ಮಾಡಿದವಳು ನಾನು. ನೇರ ಬೀದಿ, ಇಟ್ಟಿಗೆ ಚರಂಡಿ, ಇಂಗುಗುಂಡಿ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನೆ, ಕಣ್ಣಾರೆ ಒಂದನ್ನೂ ಕಂಡಿಲ್ಲ. ಪ್ರತಿ ಬೇಸಿಗೆಯಲ್ಲೂ ಅವನ್ನು ನೋಡಲು ಗುಜರಾತಿಗೆ ಹೋಗಬೇಕು ಅಂದುಕೊಳ್ಳುವುದು, ಹಂಪಿಗೆ ಹೋಗಿ ವಾಪಸ್ಸು ಬರುವುದು, ಇಷ್ಟೇ ನನ್ನ ಪ್ರವಾಸದ ಪ್ರತಾಪ.

ಈ ಸಲ ಕರೆದದ್ದು ನನ್ನ ಹಳೆಯ ವಿದ್ಯಾರ್ಥಿ ನಾಗರಾಜು. ಹಿಂದಿನ ದಿನ ಫೋನ್ ಮಾಡಿ, "ನಮ್ ದಿಬ್ಬದ ಹೊಲದಲ್ಲಿ ಹಳೇ ಊರೊಂದು ಬಿದ್ದೈತೆ ಮಿಸ್. ನಾಳೆ ಬಂದ್ರೆ ನೋಡ್ಬೋದು, ಆಮೇಲೆ ಇರಾಕಿಲ್ಲ" ಎಂದಿದ್ದ. ಆ ಕೊನೆಯ ಮಾತು ನನ್ನ ನಿದ್ದೆ ಕೆಡಿಸಿತ್ತು.

ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಎರಡು ಇಡ್ಲಿ ತಿಂದು ಕಾಫಿ ಕುಡಿಯುವಷ್ಟರಲ್ಲಿ ಅವನು ಬೈಕ್ ತಂದ. ಸೋಸಲೆ ದಾಟಿ ನಾಲೆಯ ಏರಿ ಹಿಡಿದೆವು. ಬೆಳಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ನಾಲೆಯ ನೀರು ದಿಬ್ಬಕ್ಕೆ ಹತ್ತುವುದಿಲ್ಲವಂತೆ. ಸುತ್ತಲಿನವರೆಲ್ಲ ಭತ್ತ ಬೆಳೆಯುವಾಗ ಇವನ ಹೊಲದಲ್ಲಿ ಮಾತ್ರ ಹುರುಳಿ. ಮಟ್ಟ ಮಾಡಿಸಲು ಜೆಸಿಬಿ ತರಿಸಿದ್ದ. ದೂರದಿಂದಲೇ ಅದರ ಸದ್ದು ಕೇಳಿತು.

ಬೈಕಿನಿಂದ ಇಳಿದು ಹೊಲಕ್ಕೆ ಓಡಿದೆ. ಒಂದು ಅಂಚನ್ನು ಆಗಲೇ ಕೆರೆದಿದ್ದರು. ಮಣ್ಣಿನೊಳಗಿಂದ ಮೊಳದುದ್ದದ ಇಟ್ಟಿಗೆಗಳ ಗೋಡೆಗಳು ನೂಲು ಹಿಡಿದಂತೆ ಎದ್ದಿದ್ದವು. ಎರಡು ಸಾಲು ಮನೆಗಳ ನಡುವೆ ಬೀದಿ, ಅದಕ್ಕೆ ಅಡ್ಡಲಾಗಿ ಇನ್ನೊಂದು ಬೀದಿ, ಪಕ್ಕದಲ್ಲಿ ಇಳಿಜಾರಾಗಿ ಹರಿದ ಚರಂಡಿ. ಯಾವ ಕಾಲದ್ದೋ ನಾನು ಹೇಳಲಾರೆ, ಆದರೆ ಯಾರೋ ಕೂತು ಯೋಚಿಸಿ ಕಟ್ಟಿದ ಊರು. ಬಗ್ಗಿ ಒಂದು ಇಟ್ಟಿಗೆ ಮುಟ್ಟಿ ನೋಡಿದೆ. ಹತ್ತು ಮಾರು ಆಚೆ ಜೆಸಿಬಿ ಗುರುಗುಟ್ಟುತ್ತ ನಿಂತಿತ್ತು.

ಅದನ್ನು ತಡೆದು ನಿಲ್ಲಿಸಿದ್ದವರು ನಾಗರಾಜುವಿನ ತಾಯಿ ಮಹದೇವಮ್ಮ. ಚರಂಡಿಯ ತುದಿಯಲ್ಲಿ ಬಾವಿಯ ಬಳೆಯಂತೆ ದುಂಡಗಿನ ಇಟ್ಟಿಗೆ ಕಟ್ಟಡ, ಒಳಗೆ ತುಂಬ ಮಣ್ಣು, ಮೇಲೊಂದು ಲಿಂಗದ ಕಲ್ಲು, ವಿಭೂತಿ, ಹಣತೆ. ಮನೆತನದ ಹಿರಿಯ ಅಜ್ಜನೊಬ್ಬನನ್ನು ಕೂರಿಸಿ ಸಮಾಧಿ ಮಾಡಿದ ಗದ್ದುಗೆ ಅದು ಎಂದು ಅವರ ಅತ್ತೆ ಹೇಳಿದ್ದರಂತೆ. ಮದುವೆಯಾಗಿ ಬಂದಾಗಿನಿಂದ ಪ್ರತಿ ಸೋಮವಾರ ದೀಪ ಹಚ್ಚಿದ್ದಾರೆ. ಈಗ ಅದಕ್ಕೇ ಒರಗಿ ಕೂತಿದ್ದರು.

ನಾಗರಾಜು ನನ್ನನ್ನು ಪಕ್ಕಕ್ಕೆ ಕರೆದ. "ಚರಂಡಿ ನೇರ ಅದರೊಳಕ್ಕೇ ಬಿದ್ದೈತೆ, ನೋಡಿ ಮಿಸ್. ಅದು ಗದ್ದುಗೆ ಅಲ್ಲ, ಇಂಗುಗುಂಡಿ. ನೀವೇ ಬೋರ್ಡ್ ಮೇಲೆ ಬರೆದು ತೋರ್ಸಿದ್ರಿ. ನಾನೇಳಿದ್ರೆ ಅವ್ವ ನಂಬಾಕಿಲ್ಲ. ನೀವೊಂದು ಮಾತು ಹೇಳ್ಬುಡಿ, ಎದ್ದು ಮನೆಗೋಯ್ತಾಳೆ."

ಇದಕ್ಕೋ ನನ್ನನ್ನು ಕರೆಸಿದ್ದು. ಸಿಟ್ಟು ನೆತ್ತಿಗೇರಿತು. ಅವನು ಹೇಳಿದ್ದು ಸರಿ ಎಂಬುದು ಇನ್ನೂ ಉರಿಸಿತು. ಗದ್ದುಗೆ ಎಂದು ಒಂದು ಸುಳ್ಳು ಹೇಳಿದರೆ ಆ ಊರು ಉಳಿಯುತ್ತದೆ, ನಿಜ ಹೇಳಿದರೆ ಸಂಜೆಯೊಳಗೆ ನೆಲಸಮ. ಸುಳ್ಳು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು.

ಮಹದೇವಮ್ಮ ನನ್ನ ಕೈ ಹಿಡಿದುಕೊಂಡರು. "ಓದಿರೋಳು ನೀನು. ಸುಳ್ಳೇಳ್ಬ್ಯಾಡ ಕಣವ್ವ. ಇದು ಅಜ್ಜನ ಗದ್ದುಗೆ ತಾನೆ?"

ಆ ಕಣ್ಣು ನೋಡಿಕೊಂಡು ಸುಳ್ಳು ಹೇಳಲು ಆಗಲಿಲ್ಲ. "ಅಲ್ಲಮ್ಮ. ಈ ಬೀದಿಯ ಮನೆಗಳ ಬಚ್ಚಲ ನೀರು ಇಂಗೋ ಗುಂಡಿ ಇದು."

ಅವರು ಕೈ ಬಿಟ್ಟರು. ನಾಗರಾಜು ಡ್ರೈವರ್ ಕಡೆ ತಿರುಗಿ ತಲೆ ಆಡಿಸಿದ. ಜೆಸಿಬಿಯ ತೋಳು ಮೇಲೆದ್ದಿತು.

"ಯಾರ ಮನೆ ನೀರು?" ಎಂದರು ಮಹದೇವಮ್ಮ.

"ಇಲ್ಲಿ ಬಾಳಿದವರದು. ಪಾತ್ರೆ ತೊಳೆದದ್ದು, ಸ್ನಾನ ಮಾಡಿದ್ದು."

"ಬಾಣಂತಿಗೆ ಎರೆದದ್ದೂವಾ?"

"ಹೌದು. ಮಕ್ಕಳಿಗೆ ಎರೆದದ್ದೂ."

ಅವರು ಗೋಡೆಯ ಸಾಲುಗಳನ್ನು ಒಂದೊಂದಾಗಿ ನೋಡಿದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆದರೆ ಏಳಲಿಲ್ಲ, ಹಿಂದಕ್ಕೆ ಸರಿದು ಇನ್ನೂ ಭದ್ರವಾಗಿ ಕೂತರು.

"ಲೇ ನಾಗ, ಒಬ್ಬ ಅಜ್ಜ ಆಗಿದ್ರೆ ಅಯ್ನೋರ್ನ ಕರ್ಸಿ, ಪೂಜೆ ಮಾಡ್ಸಿ ಬ್ಯಾರೆ ಕಡೀಕೆ ಇಡ್ಬೋದಾಗಿತ್ತು. ಒಂದೂರು ಜನವ ಎಲ್ಲಿಗ್ಲಾ ಕರ್ಕಂಡೋಯ್ತೀಯ?"

ಡ್ರೈವರ್ ಕೆಳಗಿಳಿದು ಬೀಡಿ ಹಚ್ಚಿದ. ಬೀಡಿ ಮುಗಿಯುವಷ್ಟರಲ್ಲಿ ನಾಗರಾಜು ಕೈ ಬೀಸಿ ಅವನಿಗೆ ಹೊರಡಲು ಹೇಳಿದ. ಆಮೇಲೆ ಜೆಸಿಬಿ ನಾಲೆಯ ಏರಿಯ ಮೇಲೆ ವಾಪಸ್ಸು ಹೊರಟಿತು.

ನಾಗರಾಜು ಬೈಕಿನಲ್ಲಿ ನರಸೀಪುರಕ್ಕೆ ಕರೆತಂದ. ನನ್ನನ್ನು ಇಳಿಸಿ, "ಅವ್ವ ಇರೋಗಂಟ ಮುಟ್ಟಾಕಿಲ್ಲ ಮಿಸ್" ಎಂದ.

"ಆಮೇಲೆ?" ಎಂದೆ.

ಅವನು ಬೈಕ್ ತಿರುಗಿಸಿಕೊಂಡು ಹೋದ. ಬಸ್ಸು ಹತ್ತಿ ಕೂತ ಮೇಲೆ ಮಹದೇವಮ್ಮನಿಗೆ ಎಷ್ಟು ವಯಸ್ಸಾಗಿರಬಹುದು ಎಂದು ಲೆಕ್ಕ ಹಾಕಿದೆ. ನಂಜನಗೂಡು ಬರುವವರೆಗೂ ಅದನ್ನೇ ಲೆಕ್ಕ ಹಾಕುತ್ತಿದ್ದೆ.