ಎಂಟು ಬೆರಳು

ನನ್ನನ್ನು ಟೀಮ್ ಲೀಡ್ ಮಾಡಿದ ದಿನದಿಂದ ಆಫೀಸಿನಲ್ಲಿ ಎಲ್ಲರೂ ನನ್ನನ್ನು ಅಕ್ಕ ಅನ್ನುವುದು ಬಿಟ್ಟು ಮೇಡಂ ಅನ್ನತೊಡಗಿದರು. ಹಾಗೆ ಕರೆಯಿರಿ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಬೆಳಿಗ್ಗೆ ಬಂದಾಗ ಅಕ್ಕನೇ ಆಗಿದ್ದೆ. ಬೆಂಗಳೂರಿನ ದೊಡ್ಡ ಆಫೀಸಿನಿಂದ ಮೇಲ್ ಬಂದು, ಮಧ್ಯಾಹ್ನ ಊಟದ ಡಬ್ಬಿ ತೆಗೆಯುವ ಹೊತ್ತಿಗೆ ಮೇಡಂ ಆಗಿಬಿಟ್ಟಿದ್ದೆ. ಖುಷಿ ಪಡಬೇಕೋ ಬೇಜಾರು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಅವತ್ತು ಡಬ್ಬಿಯಲ್ಲಿದ್ದ ಚಿತ್ರಾನ್ನ ಪೂರ್ತಿ ನಾನೇ ತಿಂದೆ. ಅಲ್ಲಿಯವರೆಗೆ ಅದರಲ್ಲಿ ಅರ್ಧ ಉಳಿದವರೇ ಖಾಲಿ ಮಾಡುತ್ತಿದ್ದರು.

ನಮ್ಮದು ಬಟವಾಡಿ ಬಡಾವಣೆಯಲ್ಲಿ ಒಂದು ಕ್ಲಿನಿಕ್ಕಿನ ಮೇಲಿರುವ ಆರು ಜನರ ಪುಟ್ಟ ಸಾಫ್ಟ್‌ವೇರ್ ಆಫೀಸು. ಅಂತರಸನಹಳ್ಳಿಯ ಕಾರ್ಖಾನೆಗಳಿಗೆ ಬೇಕಾದ ಪ್ರೋಗ್ರಾಂಗಳನ್ನು ಮಾಡಿಕೊಡುತ್ತೇವೆ. ನಾನು ಸದಾಶಿವನಗರದಿಂದ ಸ್ಕೂಟರಿನಲ್ಲಿ ಬರುತ್ತೇನೆ. ಗುಬ್ಬಿಯಿಂದ ಒಬ್ಬ, ಕುಣಿಗಲ್ಲಿನಿಂದ ಒಬ್ಬಳು ದಿನಾ ಬಸ್ಸಿನಲ್ಲಿ ಬರುತ್ತಾರೆ. ಆರು ವರ್ಷ ಗುಬ್ಬಿಯವನ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಕೆಲಸದಲ್ಲಿ ನನಗಿಂತ ಚುರುಕು, ಮಾತಿನಲ್ಲಿ ಮಾತ್ರ ಅಳೆದು ತೂಗಿ ಆಡುವವನು.

ಲೀಡ್ ಆದ ಮೇಲೆ ಬೆಂಗಳೂರಿನ ಸಾಹೇಬರು ಒಂದು ದಿನ ಬಂದು ನಮಗೆಲ್ಲ ಅಜೈಲ್ ಎಂಬ ಹೊಸ ಪದ್ಧತಿಯ ಪಾಠ ಮಾಡಿದರು. ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ನಿಂತುಕೊಂಡೇ ಮಾತಾಡಬೇಕು: ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ, ಅಡ್ಡಿ ಏನಾದರೂ ಇದೆಯಾ. ಒಂದೊಂದು ಕೆಲಸಕ್ಕೂ ಒಂದೊಂದು ಹಳದಿ ಚೀಟಿ ಬರೆದು ಗೋಡೆಗೆ ಅಂಟಿಸಬೇಕು. ಅದು ಎಷ್ಟು ದಿನದ ಕೆಲಸ ಎಂದು ಎಲ್ಲರೂ ಒಟ್ಟಿಗೇ ಬೆರಳೆತ್ತಿ ತೋರಿಸಬೇಕು. ಲೀಡ್ ಅಂದರೆ ಯಜಮಾನನಲ್ಲ, ದಾರಿಯ ಕಲ್ಲು ಎತ್ತಿ ಪಕ್ಕಕ್ಕಿಡುವವನು ಅಂದರು. ನಾನು ಹೊಸ ನೋಟ್‌ಬುಕ್ ತಂದು ನನ್ನ ದಿನವನ್ನು ಅರ್ಧರ್ಧ ಗಂಟೆಗೆ ಗೆರೆ ಎಳೆದು ಹಂಚಿಟ್ಟುಕೊಂಡೆ. ಕಲ್ಲು ಎತ್ತುವುದಕ್ಕೆ ಹನ್ನೊಂದರಿಂದ ಹನ್ನೊಂದೂವರೆ.

ಆಗ ನಮ್ಮ ಕೈಯಲ್ಲಿದ್ದದ್ದು ಒಂದು ಲೇತ್ ವರ್ಕ್‌ಶಾಪಿನ ಕೆಲಸ. ಯಾವ ಬಿಡಿಭಾಗ ಯಾವ ಮೆಷಿನ್ನಿನಲ್ಲಿದೆ ಎಂದು ಅಲ್ಲಿನ ಸೂಪರ್‌ವೈಸರು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು. ಅದು ಇನ್ನು ಮುಂದೆ ದೊಡ್ಡ ಟಿವಿಯಲ್ಲಿ ಕಾಣಬೇಕಿತ್ತು. ಎರಡು ತಿಂಗಳ ನಂತರದ ಒಂದು ಸೋಮವಾರಕ್ಕೆ ಶುರು ಎಂದು ಮಾತು ಕೊಟ್ಟಾಗಿತ್ತು. ಬೆರಳೆತ್ತುವ ಮೊದಲ ದಿನ, ಒಂದು ಮೆಷಿನ್ನಿನಲ್ಲಿ ಕೆಟ್ಟ ಬಿಡಿಭಾಗ ತಿದ್ದಲು ಮತ್ತೆ ಹಿಂದಿನ ಮೆಷಿನ್ನಿಗೆ ಬಂದರೆ ಅದನ್ನು ಸರಿಯಾಗಿ ತೋರಿಸುವ ಕೆಲಸದ ಚೀಟಿ ಬಂತು. ಗುಬ್ಬಿಯವನು ಎಂಟು ಬೆರಳೆತ್ತಿದ. ನಾವೆಲ್ಲ ನಾಲ್ಕು. ಮಾತಾಡಿ ಕೊನೆಗೆ ನಾಲ್ಕಕ್ಕೇ ನಿಲ್ಲಿಸಿದೆವು ಎಂದು ನನಗೆ ನೆನಪು.

ಅಲ್ಲಿಂದ ಮುಂದೆ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಯಿತು. ನಾನು ಎರಡು ತೋರಿಸಿದರೆ ಎಲ್ಲರೂ ಎರಡು, ಆರು ತೋರಿಸಿದರೆ ಆರು. ನನ್ನ ಕೈ ನೋಡಿ ತೋರಿಸುತ್ತಿದ್ದಾರೇನೋ ಎಂದು ಅನುಮಾನ ಬಂದು, ಕಣ್ಣಾಮುಚ್ಚಾಲೆಯ ಮಕ್ಕಳ ಹಾಗೆ ಎಲ್ಲರೂ ಕಣ್ಣು ಮುಚ್ಚಿಕೊಂಡು ಬೆರಳೆತ್ತಿ ಅಂದೆ. ಆಗಲೂ ಒಂದೇ ಸಂಖ್ಯೆ. ಅಡ್ಡಿ ಏನಾದರೂ ಇದೆಯಾ ಅಂದರೆ ದಿನವೂ ಐದಕ್ಕೆ ಐದೂ ಜನ ಏನೂ ಇಲ್ಲ ಅನ್ನುತ್ತಿದ್ದರು. ಚೀಟಿಗಳು ಒಂದೊಂದಾಗಿ ‘ಮುಗಿದದ್ದು’ ಎಂಬ ಸಾಲಿಗೆ ಹೋಗುತ್ತಿದ್ದವು. ಸಾಹೇಬರಿಗೆ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದೆ, ನಮ್ಮವರದು ಒಂದೇ ಮನಸ್ಸು ಸರ್ ಎಂದು. ನನ್ನ ನೋಟ್‌ಬುಕ್ಕಿನಲ್ಲಿ ಹನ್ನೊಂದರಿಂದ ಹನ್ನೊಂದೂವರೆ ಖಾಲಿ ಬೀಳುತ್ತಿತ್ತು. ಎತ್ತಲು ಕಲ್ಲೇ ಇರಲಿಲ್ಲ.

ಸೋಮವಾರಕ್ಕೆ ಐದು ದಿನ ಇದೆ ಅನ್ನುವಾಗ, ತಲೆನೋವಿಗೆ ಮಾತ್ರೆ ತರಲು ಕೆಳಗಿನ ಮೆಡಿಕಲ್ ಸ್ಟೋರಿಗೆ ಇಳಿದೆ. ಪಕ್ಕದ ಟೀ ಅಂಗಡಿಯಲ್ಲಿ ನಮ್ಮವರು ಐದೂ ಜನ ನಿಂತಿದ್ದರು. ನಾನು ಲೀಡ್ ಆದ ಮೇಲೆ ನನ್ನನ್ನು ಅಲ್ಲಿಗೆ ಕರೆಯುವುದನ್ನು ಬಿಟ್ಟಿದ್ದರು. ಕುಣಿಗಲ್ಲಿನ ಹುಡುಗಿ ಒಂದೊಂದೇ ಕೆಲಸದ ಹೆಸರು ಹೇಳುತ್ತಿದ್ದಳು, ಮಿಕ್ಕವರು ಬೆರಳು ತೋರಿಸುತ್ತಿದ್ದರು. ನಾಳೆಯ ಬೆರಳುಗಳು ಇವತ್ತೇ ನಿಶ್ಚಯವಾಗುತ್ತಿದ್ದವು. ಗುಬ್ಬಿಯವನು ಅವಳಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: “ಮೇಡಂ ಅದುಕ್ಕೆ ಎರಡೇ ತೋರ್ಸೋದು. ಎರಡು ಅನ್ನು, ಬುಡು ಅತ್ಲಾಗೆ.”

ನನಗೆ ಸಿಟ್ಟು ಬೇಗ ಬರುತ್ತದೆ, ಮುಚ್ಚಿಡಲೂ ಬರುವುದಿಲ್ಲ. ಮಾತ್ರೆಯನ್ನೂ ತೆಗೆದುಕೊಳ್ಳದೆ ಮೇಲೆ ಬಂದು, ಅವರು ಬಂದ ತಕ್ಷಣ ಬಾಯಿಗೆ ಬಂದಂತೆ ಬೈದೆ. ಎರಡು ತಿಂಗಳಿಂದ ನನ್ನ ಕಿವಿಗೆ ಹೂವಿಟ್ಟಿದ್ದೀರಿ ಅಂದೆ. ಕಣ್ಣು ಮುಚ್ಚಿಕೊಂಡರೂ ನನ್ನ ಲೆಕ್ಕ ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿದೆ. ಕುಣಿಗಲ್ಲಿನ ಹುಡುಗಿ ನೆಲ ನೋಡುತ್ತಾ ವಿವರಿಸಿದಳು: ಹಿಂದಿನ ದಿನ ಚೀಟಿ ಬರೆಯುವಾಗ ನಾನೇ ಹೇಳುತ್ತಿದ್ದೆನಂತೆ. ಚಿಕ್ಕ ಕೆಲಸ ಅಂದರೆ ಎರಡು. ಸ್ವಲ್ಪ ಇದೆ ಅಂದರೆ ನಾಲ್ಕು. ನೋಡಿಕೊಂಡು ಮಾಡಿ ಅಂದರೆ ಆರು. ಇದುವರೆಗೆ ಒಂದು ಸಲವೂ ತಪ್ಪಿಲ್ಲ ಎಂದಳು, ಸ್ವಲ್ಪ ಹೆಮ್ಮೆಯಿಂದಲೇ.

ಹಾಗೆ ಮಾಡಿದ್ದಾದರೂ ಯಾಕೆ ಎಂದು ಗುಬ್ಬಿಯವನನ್ನು ಕೇಳಿದೆ.

“ಮೊದಲ್ನೇ ದಿನ ನಾನು ಎಂಟು ತೋರಿಸ್ದೆ. ನೀವು ‘ಎಂಟಾ? ಎಂಟು ದಿನದಲ್ಲಿ ಒಂದು ಮದ್ವೇನೇ ಮುಗೀತದೆ’ ಅಂದ್ರಿ. ಎಲ್ರೂ ನಕ್ರು.”

ನನಗೆ ಅದು ನೆನಪೇ ಇರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತಿದ್ದಾಗ ಅವನನ್ನು ಅದಕ್ಕಿಂತ ಹತ್ತು ಪಟ್ಟು ರೇಗಿಸಿದ್ದೇನೆ, ಅವನೂ ನನ್ನನ್ನು ಬಿಟ್ಟಿಲ್ಲ. ಆಗೆಲ್ಲ ನಗು ಬರುತ್ತಿತ್ತು. ಅದೇ ಬಾಯಿ, ಅದೇ ಮಾತಿನ ವರಸೆ. ಯಾವತ್ತಿನಿಂದ ಅದು ಚುಚ್ಚತೊಡಗಿತು ಎಂದು ನನಗೆ ಈಗಲೂ ಅರ್ಥವಾಗಿಲ್ಲ. ಆಗ ಅವನು ಇನ್ನೊಂದು ವಿಷಯ ಹೇಳಿದ. ಎಂಟು ಬೆರಳಿನ ಆ ಚೀಟಿ ‘ಮುಗಿದದ್ದು’ ಸಾಲಿನಲ್ಲಿದ್ದರೂ ಕೆಲಸ ಮುಗಿದಿರಲಿಲ್ಲ. ಭಾಗ ಹಿಂದಕ್ಕೆ ಬಂದರೆ ಟಿವಿಯಲ್ಲಿ ಎರಡು ಮೆಷಿನ್ನಿನಲ್ಲೂ ಕಾಣುತ್ತದೆ.

ಸಿಟ್ಟು ಇಳಿದುಹೋಯಿತು. ಸಂಜೆ ಸಾಹೇಬರ ಫೋನಿದೆ, ಸೋಮವಾರ ಆಗುವುದಿಲ್ಲ ಎಂದು ನಾನೇ ಹೇಳುತ್ತೇನೆ, ತಪ್ಪು ನನ್ನದು ಎಂದೂ ಹೇಳುತ್ತೇನೆ ಎಂದು ಎಲ್ಲರ ಎದುರು ಮಾತು ಕೊಟ್ಟೆ. ಆ ಹುಡುಗಿ ಬಹಳ ದಿನದ ಮೇಲೆ ನನಗೂ ಒಂದು ಲೋಟ ಟೀ ತರಿಸಿದಳು.

ಸಂಜೆ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟೆ. ಸಾಹೇಬರು ಶುರುವಿನಲ್ಲೇ, ನಮ್ಮ ಬೆಂಗಳೂರಿನ ಹುಡುಗರನ್ನು ನಿಮ್ಮ ಹತ್ತಿರ ಕಲಿಯಲು ಕಳಿಸಬೇಕು ಮೇಡಂ ಅಂದರು. ಆಮೇಲೆ ಇಂಗ್ಲಿಷಿನಲ್ಲಿ, ಅಡ್ಡಿ ಏನಾದರೂ ಇದೆಯೇ ಎಂದು ಕೇಳಿದರು.

“ಏನೂ ಇಲ್ಲ ಸರ್,” ಅಂದೆ.

ಹೆದರಿಕೆಯೋ, ಹೊಗಳಿಕೆಯ ಮತ್ತೋ, ಬರೀ ಅಭ್ಯಾಸವೋ. ಎಷ್ಟು ಯೋಚಿಸಿದರೂ ಕಾರಣ ಸಿಕ್ಕಿಲ್ಲ. ಮಾತು ಬಾಯಿಂದ ಹೊರಗೆ ಬಂದು ಬಿದ್ದ ಮೇಲೆಯೇ ನನಗೂ ಗೊತ್ತಾದದ್ದು. ಐವರೂ ನನ್ನನ್ನು ನೋಡಿದರು. ಗುಬ್ಬಿಯವನು ಬಸ್ಸಿಗೆ ಹೊತ್ತಾಯಿತು ಎಂದು ಬ್ಯಾಗು ಎತ್ತಿಕೊಂಡ. ನಾಚಿಕೆಯಿಂದ ನನಗೆ ಕುರ್ಚಿಯಿಂದ ಏಳಲಾಗಲಿಲ್ಲ.

ಸೋಮವಾರ ಟಿವಿ ಹಾಕಿದೆವು, ಸಿಹಿ ಹಂಚಿದರು. ಬುಧವಾರ ನಾನೂ ಗುಬ್ಬಿಯವನೂ ಹೇಗೆ ನಡೆಯುತ್ತಿದೆ ಎಂದು ನೋಡಲು ಅಂತರಸನಹಳ್ಳಿಗೆ ಹೋದೆವು. ಸೂಪರ್‌ವೈಸರು ನನ್ನ ತಂದೆಯ ವಯಸ್ಸಿನವರು. ಎದ್ದು ಬಂದು, ಕುರ್ಚಿ ಒರೆಸಿ ಕೊಟ್ಟರು. ತೊಂದರೆ ಏನಾದರೂ ಇದೆಯಾ ಎಂದು ಕೇಳಿದೆ.

“ಅಯ್ಯೋ, ಏನೂ ಇಲ್ಲ ಕಣಮ್ಮ. ಬಲು ಚೆನ್ನಾಗೈತೆ.”

ಅವರ ಬೆರಳ ತುದಿಯೆಲ್ಲ ಬೆಳ್ಳಗಿತ್ತು. ಅವರ ಬೆನ್ನ ಹಿಂದೆ, ಗೋಡೆಗೆ ತಿರುಗಿಸಿಟ್ಟ ಕಪ್ಪು ಹಲಗೆಯ ಅಂಚು ಕಾಣುತ್ತಿತ್ತು. ನಾನೇ ಹೋಗಿ ಅದನ್ನು ತಿರುಗಿಸಿದೆ. ಅವತ್ತಿನ ಎಲ್ಲ ಕೆಲಸವೂ ಅದರ ಮೇಲಿತ್ತು, ಅಚ್ಚುಕಟ್ಟಾಗಿ. ಟಿವಿ ತನ್ನ ಪಾಡಿಗೆ ತಾನು ಒಂದೇ ಭಾಗವನ್ನು ಎರಡೆರಡು ಕಡೆ ತೋರಿಸುತ್ತಿತ್ತು. ಆ ಹಿರಿಯರು ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿದರು. ಅವರ ಮೇಲೆ ರೇಗಬೇಕೋ, ಅವರ ಕಾಲಿಗೆ ಬೀಳಬೇಕೋ ನನಗೆ ತಿಳಿಯಲಿಲ್ಲ. ಅವರಿಗೆ ಕೇಳುವ ಹಾಗೆಯೇ ಸಾಹೇಬರಿಗೆ ಫೋನು ಮಾಡಿ, ಇದು ಸರಿಯಿಲ್ಲ ಸರ್, ಸರಿಯಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು ಅಂದೆ. ಸಾಹೇಬರು, ಎಷ್ಟು ದಿನ ಬೇಕು ಕೇಳಿ ಹೇಳಿ ಅಂದರು.

ನಾನು ಗುಬ್ಬಿಯವನ ಕಡೆ ತಿರುಗಿದೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಚಿಕ್ಕದು ದೊಡ್ಡದು ಏನೂ ಅನ್ನಲಿಲ್ಲ, ಎಷ್ಟು ದಿನ ಎಂದಷ್ಟೇ ಕೇಳಿದೆ.

ಅವನು ಮೆಲ್ಲಗೆ ಎಂಟು ಬೆರಳೆತ್ತಿದ.

ನಾನು ತುಟಿ ಬಿಗಿಹಿಡಿದು ನಿಂತೆ. ಮುಖ ಏನು ಮಾಡಿತೋ ನನಗೆ ಗೊತ್ತಿಲ್ಲ. ಅವನು ನನ್ನ ಮುಖ ನೋಡಿ, ಒಂದು ಬೆರಳು ಮಡಚಿದ.