ಕಲ್ಲು, ಉಪ್ಪು, ಹೆಪ್ಪು

ಕಳೆದ ವಾರ ನನ್ನ ಕೈಯಿಂದ ಒಂದು ಕೊಲೆ ಆಯಿತು. ಸತ್ತದ್ದು ನನ್ನ ಹೆಂಡತಿಯ ಹೆಪ್ಪು.

ನಗಬೇಡಿ. ಮೊದಲು ಪೂರ್ತಿ ಕೇಳಿ.

ನಾನು ಸವದತ್ತಿಯ ಕನ್ನಡ ಶಾಲೆಯ ಮಾಸ್ತರ ಎಂಬುದು ನಿಮಗೆ ಗೊತ್ತೇ ಇದೆ. ಹಿಂದೊಮ್ಮೆ ಇದೇ ಅಂಕಣದಲ್ಲಿ ಸಜೀವ, ನಿರ್ಜೀವಗಳ ಲಿಸ್ಟ್ ಕೊಟ್ಟಿದ್ದೆ. ನಿರ್ಜೀವದ ಕಡೆ ಕಲ್ಲು, ಉಪ್ಪು, ಹೆಪ್ಪು ಎಂದು ಬರೆದಿದ್ದೆ. (ಪ್ರಾಸ ಚೆನ್ನಾಗಿ ಕೂತಿತ್ತು. ಅದೇ ಮೋಸ ಮಾಡಿತು.)

ಹೆಂಡತಿ ಅದನ್ನು ಒಪ್ಪಿರಲಿಲ್ಲ. ಬುಧವಾರ ನನ್ನ ಬಸುರಿ ತಂಗಿಯ ಕುಬಸಕ್ಕೆಂದು ಕಿತ್ತೂರಿಗೆ ಚಕ್ಕಡಿ ಹತ್ತುವಾಗಲೂ ಎಚ್ಚರಿಸಿದಳು. "ಹಾಲು ಉಗುರುಬೆಚ್ಚಗಾದ ಮ್ಯಾಲೆ ಹೆಪ್ಪು ಹಾಕ್ರಿ. ಜೀವ ಐತಿ ಅದಕ್ಕ."

ಟ್ರೇನಿಂಗ್ ಪಾಸಾದ ಗಂಡ ಇಂಥ ಮಾತು ಕೇಳುತ್ತಾನೆಯೇ? ಮೊಸರನ್ನೆಲ್ಲ ರೊಟ್ಟಿಗೆ ಹಚ್ಚಿಕೊಂಡು ತಿಂದೆ. ಗಡಿಗೆಯ ತಳದಲ್ಲಿ ಒಂದು ಚಮಚ ಉಳಿಯಿತು. ಅದರ ಮೇಲೆ ಒಲೆಯಿಂದ ಇಳಿಸಿದ ಹಾಲನ್ನು ಹಾಗೆಯೇ ಸುರಿದೆ. ಉಪ್ಪು ಬಿಸಿ ಹಾಲಿಗೆ ಹೆದರುತ್ತದೆಯೇ? ಹೆಪ್ಪು ಯಾಕೆ ಹೆದರಬೇಕು?

ಮರುದಿನ ಮುಂಜಾನೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. ಶುಕ್ರವಾರ ಕೆಟ್ಟ ವಾಸನೆ ಬಂತು.

ಆಗ ನಿಜಕ್ಕೂ ಭಯವಾಯಿತು. ಅದು ರಾಮದುರ್ಗದ ಅವಳ ತವರಿನ ಹೆಪ್ಪು. ಮದುವೆಯಾಗಿ ಬರುವಾಗ ಅವಳ ಅವ್ವ ಬುತ್ತಿಯ ಜೊತೆ ಕಟ್ಟಿಕೊಟ್ಟದ್ದು. ಅತ್ತೆ ಈಗಿಲ್ಲ. ತವರಿನ ಬಾಗಿಲೂ ಮುಚ್ಚಿದೆ. ಇವತ್ತಿಗೂ ಹೆಂಡತಿ ಅದನ್ನು ಮೊಸರು ಎನ್ನುವುದಿಲ್ಲ, ಅವ್ವನ ಮೊಸರು ಎನ್ನುತ್ತಾಳೆ. ಶನಿವಾರ ಅವಳು ಬಂದರೆ ಯಾವ ಮುಖ ಇಟ್ಟುಕೊಂಡು ಎದುರಿಗೆ ನಿಲ್ಲಲಿ?

ಪಕ್ಕದ ಮನೆಯ ಮುದುಕಿ ಗೌರವ್ವನ ಬಳಿ ಹೋಗಿ ಯಾವುದಾದರೂ ಹೆಪ್ಪು ಕೊಡಿ ಎಂದೆ. ನಡೆದದ್ದನ್ನೂ ಹೇಳಿದೆ. ಆಮೇಲೆ ನೆನಪಾಯಿತು, ಶುಕ್ರವಾರ ನಮ್ಮ ಕಡೆ ಯಾರೂ ಹೆಪ್ಪು ಹೊರಗೆ ಕೊಡುವುದಿಲ್ಲ. ಲಕ್ಷ್ಮಿ ಹೊರಟುಹೋಗುತ್ತಾಳಂತೆ. ತಂಬಿಗೆ ಹಿಡಿದು ವಾಪಸ್ ಹೊರಟೆ.

"ನಿಂದರ್ರಿ ಮಾಸ್ತರ," ಎಂದಳು ಗೌರವ್ವ. "ಹೋದ ವರ್ಷ ನಮ್ಮ ಹೆಪ್ಪು ಕೆಟ್ಟಾಗ ನಿಮ್ಮ ಮನ್ಯಾಕಿನ ಕೊಟ್ಟಿದ್ಳು. ಇದು ಆಕಿ ಅವ್ವಂದರಿ. ತನ್ನ ಮನಿಗೆ ತಾ ಹೋಗಾಕ ಶುಕ್ರವಾರ ಎಲ್ಲಿ ಅಡ್ಡ ಬರತೈತಿ?"

ಗೌರವ್ವನ ಮನೆಯಿಂದ ಅದು ಓಣಿಯ ಇನ್ನೂ ನಾಲ್ಕು ಮನೆಗಳಿಗೆ ಹೋಗಿದೆಯಂತೆ. ಮಗಳ ಜೊತೆ ಕಟಕೋಳಕ್ಕೂ ಹೋಗಿದೆಯಂತೆ. ನನ್ನ ಬಿಸಿ ಹಾಲು ಎಷ್ಟು ಮನೆಗಳಿಗೆ ಮುಟ್ಟೀತು? ಆ ಸಂಜೆ ಹಾಲು ಆರುವವರೆಗೆ ಬೆರಳಿಟ್ಟು ನೋಡುತ್ತ ಕೂತೆ. ಹಾಗೆ ಕಾಯುವುದರಲ್ಲಿ ನನಗೆ ಬೇಸರವೇ ಆಗಲಿಲ್ಲ.

ಹೆಂಡತಿ ಬಂದ ಕೂಡಲೇ ತಪ್ಪು ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ಮುಖ ಸಣ್ಣದಾಯಿತು ಅಷ್ಟೆ. ನೇರ ಅಡುಗೆ ಮನೆಗೆ ಹೋಗಿ ಮೊಸರನ್ನು ಬೆರಳಿಗೆ ಹಚ್ಚಿ ನೆಕ್ಕಿದಳು.

"ಅವ್ವಂದ ಐತಿ," ಎಂದಳು.

ಈಗ ಹೇಳಿ ಓದುಗರೇ, ನಿಮ್ಮ ಗಡಿಗೆಯಲ್ಲಿ ಯಾರ ಅವ್ವ ಇದ್ದಾಳೆ?